ಕೊಟ್ಟಿಗೆಗೆ ಕರೆಂಟು ತಂದ ಲೆಕ್ಕ

ಸಾಗರದ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಕೊಟ್ಟಿಗೆ ಖಾಲಿಯಾಗಿ ಐದು ವರ್ಷವಾಯಿತು. ಕೊನೆಯ ಎರಡು ದನಗಳನ್ನು ಅಪ್ಪಯ್ಯ ನೆಂಟರ ಮನೆಗೆ ಕೊಟ್ಟ ಮೇಲೆ ಅಲ್ಲಿ ಹಳೆ ಏಣಿ, ಅಡಿಕೆ ದಬ್ಬೆ, ಹರಿದ ಚೀಲ ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನೇ ಮರಗೆಲಸದ ಶೆಡ್ ಮಾಡಿಕೊಳ್ಳೋಣ ಅಂತ 2024ರ ದೀಪಾವಳಿ ಹೊತ್ತಿಗೆ ತೀರ್ಮಾನ ಮಾಡಿದೆ. ಮರ ಕೊಯ್ಯುವ ಟೇಬಲ್ ಸಾ ತಂದದ್ದು 38,000 ರೂಪಾಯಿಗೆ. ಕರೆಂಟಿಗೆ ಅಂತ ಎತ್ತಿಟ್ಟದ್ದು 25,000. ಕೆಲಸ ಮುಗಿದಾಗ ಕರೆಂಟಿನ ಬಾಬ್ತು 68,500 ಆಗಿತ್ತು. ಮಷಿನ್ನಿಗಿಂತ ಅದಕ್ಕೆ ಕರೆಂಟು ಬರುವ ದಾರಿಗೇ ಜಾಸ್ತಿ ಹೋಯಿತು. ಎಲ್ಲಿ ಹೋಯಿತು, ಯಾಕೆ ಹೋಯಿತು ಅಂತ ಪೂರ್ತಿ ಬರೆದಿಡುತ್ತಿದ್ದೇನೆ. ಹೀಗೇ ಶೆಡ್ ಮಾಡಬೇಕು ಅಂದುಕೊಂಡವರಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು ಅಲ್ವಾ.

ಮೊದಲು ಮಾಡಿದ ತಪ್ಪು

ಮನೆಯ ಮೀಟರ್ ಬೋರ್ಡಿನಿಂದ ಕೊಟ್ಟಿಗೆಗೆ ನೇರ ಅಳತೆ 42 ಮೀಟರ್. ಅಂಗಡಿಯಿಂದ 1.5 ಸ್ಕ್ವೇರ್ ಎಂಎಂ (ವೈರಿನ ದಪ್ಪದ ಅಳತೆ) ವೈರಿನ ಒಂದು ಸುರುಳಿ ತಂದೆ. ಸುರುಳಿಯಲ್ಲಿ 90 ಮೀಟರ್ ಇರುತ್ತದೆ, ಎರಡು ಎಳೆ ಎಳೆಯಲು ಸರಿಯಾಗಿ ಸಾಕಾಯಿತು. ಅಡಿಕೆ ಮರದಿಂದ ಮರಕ್ಕೆ ಕಟ್ಟಿಕೊಂಡು ಹೋದೆ. ವೈರು, ಪಿಂಗಾಣಿ ಗುಂಡು, ಸಾಕೆಟ್ ಎಲ್ಲ ಸೇರಿ 1,750 ರೂಪಾಯಿ. ಬಲ್ಬ್ ಚೆನ್ನಾಗಿ ಉರಿಯಿತು. ಡ್ರಿಲ್ ತಿರುಗಿತು. ಟೇಬಲ್ ಸಾ ಮಾತ್ರ ಏಳಲಿಲ್ಲ. ಸ್ವಿಚ್ ಹಾಕಿದರೆ ಗುಂಯ್ ಅಂತ ಗುನುಗುತ್ತದೆ, ಬ್ಲೇಡು ಅರ್ಧ ಸುತ್ತು ಬಂದು ಅಲ್ಲೇ ತಡವರಿಸುತ್ತದೆ. ಐದನೇ ಸಲ ಹಾಕಿದಾಗ ಮೋಟಾರಿನ ಪಕ್ಕದ ಡಬ್ಬಿಯಿಂದ ಟಪ್ ಅಂತ ಸದ್ದು ಬಂತು, ಜೊತೆಗೆ ಸುಟ್ಟ ವಾಸನೆ. ಮೋಟಾರು ಏಳಲು ನೂಕು ಕೊಡುವ ಕೆಪಾಸಿಟರ್ ಹೋಗಿತ್ತು. ಹೊಸದಕ್ಕೆ 350 ರೂಪಾಯಿ.

ಹೊಸ ಕೆಪಾಸಿಟರ್ ಹಾಕಿದ ಮೇಲೆ ಸುಮ್ನೆ ಸ್ವಿಚ್ ಹಾಕುವ ಧೈರ್ಯ ಬರಲಿಲ್ಲ. ಮಲ್ಟಿಮೀಟರ್ ಹಿಡಿದು ನಿಂತೆ. ಮನೆಯ ಬೋರ್ಡಿನ ಹತ್ತಿರ ಹೆಂಡತಿ ಇನ್ನೊಂದು ಮೀಟರ್ ಇಟ್ಟುಕೊಂಡು ಫೋನಿನಲ್ಲಿ ಓದಿ ಹೇಳುತ್ತಿದ್ದಳು.

"ಈಗ 212 ಇದೆ."

ಸ್ವಿಚ್ ಹಾಕಿದೆ.

"197ಕ್ಕೆ ಇಳಿತು ನೋಡಿ. ಲೈಟೂ ಮಂಕಾಯ್ತು."

ನನ್ನ ಕೈಯಲ್ಲಿದ್ದ ಮೀಟರ್ 158 ತೋರಿಸುತ್ತಿತ್ತು. ತಕ್ಷಣ ಆಫ್ ಮಾಡಿದೆ. ಮನೆಯಿಂದ ಕೊಟ್ಟಿಗೆಗೆ ಬರುವಷ್ಟರಲ್ಲಿ 39 ವೋಲ್ಟ್ ದಾರಿಯಲ್ಲೇ ಕಳೆದುಹೋಗಿತ್ತು.

ಲೆಕ್ಕ ಹಾಕಿ ನೋಡಿದರೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. 1.5 ಸ್ಕ್ವೇರ್ ತಾಮ್ರದ ವೈರಿಗೆ ಕಿಲೋಮೀಟರಿಗೆ 12.1 ಓಂ ರೆಸಿಸ್ಟೆನ್ಸ್, ಅಂದರೆ ಕರೆಂಟು ಹರಿಯಲು ಇರುವ ಅಡ್ಡಿ. ಕರೆಂಟು ಹೋಗಿ ವಾಪಸ್ ಬರಬೇಕಲ್ಲ, ಹಾಗಾಗಿ 42 ಮೀಟರ್ ಅಂದರೆ 84 ಮೀಟರ್ ವೈರು. ಹೆಚ್ಚುಕಡಿಮೆ ಒಂದು ಓಂ ಆಯಿತು. 2 ಎಚ್‌ಪಿಯ ಸಿಂಗಲ್ ಫೇಸ್ ಮೋಟಾರು ಓಡುವಾಗ 10 ಆಂಪಿಯರ್ ಆಸುಪಾಸು ಎಳೆಯುತ್ತದೆ, ಆದರೆ ನಿಂತಲ್ಲಿಂದ ಏಳುವಾಗ ಅದರ ಐದಾರು ಪಟ್ಟು ಕೇಳುತ್ತದೆ. ನನ್ನ ವೈರಿನಲ್ಲಿ ಅಷ್ಟು ಬರಲು ದಾರಿಯೇ ಇರಲಿಲ್ಲ. 38 ಆಂಪಿಯರ್ ಹರಿದು ಅಲ್ಲಿಗೇ ನಿಂತಿತು. ಒಂದು ಓಂ, 38 ಆಂಪಿಯರ್, 38 ವೋಲ್ಟ್. ಮೀಟರ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಮೋಟಾರಿನ ಏಳುವ ಬಲ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಅಂಕಿಗೆ) ತಕ್ಕಂತೆ ಇಳಿಯುತ್ತದೆ. 230ರ ಬದಲು 158 ಸಿಕ್ಕಿದರೆ ಬಲ ಅರ್ಧಕ್ಕಿಂತ ಕಡಿಮೆ. ದಪ್ಪ ಬ್ಲೇಡನ್ನು ಅದು ಎಬ್ಬಿಸುವುದಾದರೂ ಹೇಗೆ? ನನ್ನನ್ನು ನಿಜವಾಗಿ ಹೆದರಿಸಿದ್ದು ಇನ್ನೊಂದು ವಿಷಯ. ಅಷ್ಟೆಲ್ಲ ಆದರೂ ಮನೆಯ 16 ಆಂಪಿಯರ್ ಎಂಸಿಬಿ (ಕರೆಂಟು ಅತಿಯಾದರೆ ತಾನೇ ಬೀಳುವ ಸ್ವಿಚ್ಚು) ಟ್ರಿಪ್ ಆಗಲೇ ಇಲ್ಲ. ಅದು ಬಿ ಕರ್ವ್‌ನದು. ಅಂಥದ್ದು ತಕ್ಷಣ ಬೀಳಬೇಕಾದರೆ ಅದರ ಮೇಲೆ ಬರೆದಿರುವ ಆಂಪಿಯರಿನ ಮೂರರಿಂದ ಐದು ಪಟ್ಟು ಬೇಕು, ಅಂದರೆ ಕಡಿಮೆಯೆಂದರೂ 48 ಆಂಪಿಯರ್. ತೆಳು ವೈರು ಕರೆಂಟನ್ನು 38ಕ್ಕೇ ತಡೆದುಬಿಟ್ಟಿತ್ತು. ಎಂಸಿಬಿಗೆ ಏನೂ ಗೊತ್ತಾಗಲಿಲ್ಲ, ಮೋಟಾರು ಸುಮ್ಮನೆ ಬೇಯುತ್ತಿತ್ತು. ಕೆಪಾಸಿಟರ್ ಮೊದಲು ಹೋದದ್ದರಿಂದ ಮೋಟಾರಿನೊಳಗಿನ ತಂತಿಯ ಸುರುಳಿ, ಅಂದರೆ ವೈಂಡಿಂಗ್, ಉಳಿಯಿತು.

ನಮ್ಮೂರಿನಿಂದ ಜೋಗ ದೂರವೇನಲ್ಲ. ಅಲ್ಲಿಯ ವಿದ್ಯುದಾಗಾರದಲ್ಲಿ 1948ರಿಂದ ಕರೆಂಟು ಹುಟ್ಟುತ್ತಿದೆ. ಅಲ್ಲಿಂದ ಬೆಂಗಳೂರಿನವರೆಗೆ ಕಳಿಸುವಾಗ ಲಕ್ಷಗಟ್ಟಲೆ ವೋಲ್ಟಿಗೆ ಏರಿಸಿ ಕಳಿಸುತ್ತಾರೆ ಅಂತ ಶಾಲೆಯಲ್ಲಿ ಓದಿದ್ದೆ. ವೋಲ್ಟೇಜ್ ಏರಿಸಿದರೆ ಅಷ್ಟೇ ಶಕ್ತಿಗೆ ಹರಿಯುವ ಆಂಪಿಯರ್ ಕಡಿಮೆ, ಹಾಗಾಗಿ ದಾರಿಯಲ್ಲಿ ಕಳೆಯುವುದೂ ಕಡಿಮೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಆ ಪಾಠ ನನಗೆ ಅರ್ಥವಾದದ್ದು ಅಡಿಕೆ ಮರದ ಕೆಳಗೆ ಮೀಟರ್ ಹಿಡಿದು ನಿಂತಾಗ. ನಾನು ವೋಲ್ಟೇಜ್ ಏರಿಸುವ ಹಾಗಿಲ್ಲ. ಉಳಿದ ದಾರಿ ಒಂದೇ, ವೈರು ದಪ್ಪ ಮಾಡುವುದು.

ಬೇರೆ ಮೀಟರೋ, ಮನೆಯದೇ ಮೀಟರೋ

ಮೊದಲು ಕೊಟ್ಟಿಗೆಗೆ ಬೇರೆ ಕನೆಕ್ಷನ್ ತಗೊಳ್ಳೋಣ ಅಂತ ಯೋಚನೆ ಇತ್ತು. ರಸ್ತೆಯ ಕಂಬ ದೂರ, ನಡುವೆ ಒಂದು ಹೊಸ ಕಂಬ ಬೇಕಾಗುತ್ತಿತ್ತು. ಅಂದಾಜು ಪಟ್ಟಿ 41,000 ದಾಟಿತು. ಅದು ಬರೀ ಗೋಡೆಯವರೆಗೆ. ಜೊತೆಗೆ ಬಳಸಲಿ ಬಿಡಲಿ ಪ್ರತಿ ತಿಂಗಳೂ ನಿಗದಿತ ಶುಲ್ಕ ಕಟ್ಟುತ್ತಲೇ ಇರಬೇಕು. ವಾರಕ್ಕೊಂದು ಭಾನುವಾರ ಕೆಲಸ ಮಾಡುವವನಿಗೆ ಇದು ಹೊಂದುವುದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಇರಬೇಕು. ನಾನು ಮಾಡುವುದು ಮನೆಗೆ ಬೇಕಾದ ಸ್ಟೂಲು, ಕಪಾಟು, ಮಕ್ಕಳ ಓದುವ ಮೇಜು ಅಷ್ಟೇ. ಮಾರುವುದಕ್ಕೆ ಮಾಡುವವರು ಮನೆಯ ಮೀಟರಿನಿಂದ ಕರೆಂಟು ಎಳೆಯಬಾರದು. ಗೃಹಬಳಕೆಗೆ ಅಂತ ಪಡೆದ ಕರೆಂಟನ್ನು ವ್ಯಾಪಾರಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅದು ಅನಧಿಕೃತ ಬಳಕೆ, ಅನ್ವಯವಾಗುವ ದರದ ಎರಡು ಪಟ್ಟು ಲೆಕ್ಕ ಹಾಕಿ ವಸೂಲು ಮಾಡುತ್ತಾರೆ. ಸಣ್ಣ ಉದ್ಯಮ ಶುರು ಮಾಡುವವರು ಬೇರೆ ಮೀಟರನ್ನೇ ತಗೊಳ್ಳಬೇಕು, ಅದರ ಖರ್ಚನ್ನು ಮೊದಲೇ ಬಂಡವಾಳಕ್ಕೆ ಸೇರಿಸಬೇಕು.

ನಮ್ಮ ಮನೆಗೆ ಮಂಜೂರಾದ ಲೋಡ್, ಅಂದರೆ ಒಮ್ಮೆಗೆ ಬಳಸಬಹುದಾದ ಕರೆಂಟಿನ ಮಿತಿ, 3 ಕಿಲೋವಾಟ್ ಇತ್ತು. ಬಾವಿಯ ಪಂಪು, ಮಿಕ್ಸಿ, ಫ್ರಿಜ್‌ಗೆ ಅದು ಸಾಕಿತ್ತು. ಅದನ್ನು 5ಕ್ಕೆ ಏರಿಸಲು ಅರ್ಜಿ ಹಾಕಿದೆ. ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್, ಮನೆಯ ಕಾಗದ, ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿ ಇರುವ ವೈರಿಂಗ್ ವರದಿ ಇಷ್ಟು ಬೇಕಾಯಿತು. ಡೆಪಾಸಿಟ್, ಶುಲ್ಕ ಸೇರಿ 4,280. ಗುತ್ತಿಗೆದಾರರಿಗೆ ಕಾಗದದ ಕೆಲಸಕ್ಕೆ 1,500. ಎರಡೂ ಸೇರಿ 5,780. ಇದು ನನ್ನ ಮೊದಲಿನ ಅಂದಾಜಿನಲ್ಲಿ ಇರಲೇ ಇಲ್ಲ.

ಕೇಬಲ್ ಆರಿಸಿದ್ದು

ನಮ್ಮೂರ ಎಲೆಕ್ಟ್ರಿಷಿಯನ್ ನನಗಿಂತ ಹತ್ತು ವರ್ಷ ಚಿಕ್ಕವ. ಕೈ ಬಹಳ ಸ್ವಚ್ಛ, ಮಾಡಿದ ಬೋರ್ಡು ತೆರೆದು ನೋಡಿದರೆ ಖುಷಿಯಾಗಬೇಕು. ಅವನು ಹೇಳಿದ್ದು 6 ಸ್ಕ್ವೇರ್ ತಾಮ್ರ. ನೆಲದಲ್ಲಿ ಹೂಳುವ, ಕಬ್ಬಿಣದ ಕವಚ ಇರುವ ಆರ್ಮರ್ಡ್ ಕೇಬಲ್ ತಾಮ್ರದಲ್ಲಿ ಬೇಕೆಂದರೆ ಮೀಟರಿಗೆ 300ರ ಮೇಲೆ. ಮನೆಯ ಮೂಲೆ, ಬಾವಿಕಟ್ಟೆ ಸುತ್ತಿ ಬರಬೇಕಾದ್ದರಿಂದ ಕೇಬಲ್ ಬೇಕಾದದ್ದು 52 ಮೀಟರ್. ಹದಿನೈದು ಸಾವಿರ ಅದೊಂದಕ್ಕೇ.

"ಅಲ್ಯುಮಿನಿಯಂ ಹಾಕಿದ್ರೆ ಏನಾಗುತ್ತೆ?" ಅಂತ ಕೇಳಿದೆ.

"ಏನೂ ಆಗಲ್ಲ ಅಣ್ಣ. ದಪ್ಪ ಹಾಕ್ಬೇಕು, ತುದಿ ಕೆಲಸ ಸರಿಯಾಗಿ ಮಾಡ್ಬೇಕು. ಅಷ್ಟೆ."

6 ಸ್ಕ್ವೇರ್ ತಾಮ್ರಕ್ಕೂ 10 ಸ್ಕ್ವೇರ್ ಅಲ್ಯುಮಿನಿಯಮ್ಮಿಗೂ ರೆಸಿಸ್ಟೆನ್ಸ್ ಒಂದೇ, ಕಿಲೋಮೀಟರಿಗೆ 3.08 ಓಂ. 16 ಸ್ಕ್ವೇರ್ ಅಲ್ಯುಮಿನಿಯಂ ಆದರೆ 1.91. ನಾಲ್ಕು ಕೋರಿನ (ಒಳಗೆ ನಾಲ್ಕು ಎಳೆ ಇರುವ) 16 ಸ್ಕ್ವೇರ್ ಅಲ್ಯುಮಿನಿಯಂ ಆರ್ಮರ್ಡ್ ಕೇಬಲ್ ಶಿವಮೊಗ್ಗದಲ್ಲಿ ಮೀಟರಿಗೆ 205ಕ್ಕೆ ಸಿಕ್ಕಿತು. ಎರಡು ಕೋರಿನದಾದರೆ 128. ಬೇಕಾಗಿರುವುದು ಎರಡೇ ಅಲ್ವಾ ಅಂತ ರಾತ್ರಿಯೆಲ್ಲ ಯೋಚಿಸಿದೆ. 4,000 ರೂಪಾಯಿ ವ್ಯತ್ಯಾಸ. ಕೊನೆಗೆ ನಾಲ್ಕು ಕೋರಿನದನ್ನೇ ತಂದೆ. ಕರೆಂಟು ಬರಲು ಒಂದು ಫೇಸ್, ವಾಪಸ್ ಹೋಗಲು ಒಂದು ನ್ಯೂಟ್ರಲ್, ಸೋರಿದ ಕರೆಂಟು ನೆಲಕ್ಕೆ ಇಳಿಯಲು ಒಂದು ಅರ್ತ್, ಇನ್ನೊಂದು ಖಾಲಿ. ಮುಂದೆ ಮೂರು ಫೇಸಿನ ಮಷಿನ್ ತಂದರೆ ನೆಲ ಅಗೆಯುವ ಹಾಗಿಲ್ಲ. ಗೋಡೆಯ ಮೇಲಿನದನ್ನು ಯಾವ ಭಾನುವಾರ ಬೇಕಾದರೂ ಬಿಚ್ಚಿ ಬದಲಾಯಿಸಬಹುದು. ಹೂತದ್ದನ್ನು ಆಗುವುದಿಲ್ಲ. ಆಮೇಲೆ ಇಡೀ ಕೆಲಸದಲ್ಲಿ ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಬಿಡಬೇಕು ಅಂತ ನಾನು ನಿರ್ಧರಿಸಿದ್ದು ಇದರ ಮೇಲೆಯೇ. ಕೇಬಲ್ 10,660 ರೂಪಾಯಿ.

ಅಗೆತ

ಭಾರತೀಯ ಮಾನಕ ಐಎಸ್ 1255ರ ಪ್ರಕಾರ ಇಂಥ ಕೇಬಲ್ 75 ಸೆಂಟಿಮೀಟರ್ ಆಳದಲ್ಲಿರಬೇಕು, ಅಂದರೆ ಎರಡೂವರೆ ಅಡಿ. "ಒಂದಡಿ ಸಾಕು ಬಿಡಿ ಮಾರಾಯ್ರೆ, ಯಾರು ಅಗೀತಾರೆ" ಅಂದವರು ಇದ್ದರು. ಯಾರು ಅಗೆಯುತ್ತಾರೆ ಅಂದರೆ ನಾವೇ. ಅಡಿಕೆ ಸಸಿ ನೆಡುವ ಗುಂಡಿ ಎಷ್ಟು ಆಳ ಅಂತ ಹೇಳಿದವರಿಗೂ ಗೊತ್ತು.

ಜೆಸಿಬಿ ತರಿಸುವ ಹಾಗಿರಲಿಲ್ಲ, ತೋಟದ ಅಂಚಿನ ಮರಗಳ ಬೇರು ಹಾಳಾಗುತ್ತಿತ್ತು. ಇಬ್ಬರು ಆಳು, ಮೂರು ದಿನ, ದಿನಕ್ಕೆ 900. ಒಟ್ಟು 5,400. ಮೇಲಿನ ಒಂದಡಿ ಮಣ್ಣು ಗುದ್ದಲಿಗೆ ಬಂತು. ಅದರ ಕೆಳಗೆ ಜಂಬಿಟ್ಟಿಗೆ. ಹಾರೆ ಕುಟ್ಟಿ, ಪಿಕಾಸಿ ಹಾಕಿ, ಕೆಂಪು ಚೂರು ಚೂರಾಗಿ ಎತ್ತಬೇಕು. ಎರಡನೇ ದಿನ ನಾನೂ ಇಳಿದೆ. ಮಧ್ಯಾಹ್ನದ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ. ಅಷ್ಟು ಹೊತ್ತಿಗೆ ಬಾವಿಯಿಂದ ಮನೆಗೆ ಹೋಗುವ ನೀರಿನ ಪೈಪಿಗೆ ಹಾರೆ ತಾಗಿ ಟ್ರೆಂಚ್ ತುಂಬ ನೀರು. ಪೈಪು ಎಲ್ಲಿ ಹೋಗಿದೆ ಅಂತ ಅಪ್ಪಯ್ಯನನ್ನು ಕೇಳಿದ್ದರೆ ಸಾಕಿತ್ತು. ಹಾಕಿಸಿದ್ದು ಅವರೇ. ರಿಪೇರಿಗೆ 240 ರೂಪಾಯಿ, ಜೊತೆಗೆ ಅರ್ಧ ದಿನ.

ಟ್ರೆಂಚಿನ ತಳಕ್ಕೆ ನಾಲ್ಕು ಬೆರಳು ಎಂ-ಸ್ಯಾಂಡ್, ಅದರ ಮೇಲೆ ಕೇಬಲ್, ಮತ್ತೆ ನಾಲ್ಕು ಬೆರಳು ಮರಳು. ಒಂದು ಪಿಕಪ್ ಮರಳು 2,800 ರೂಪಾಯಿ. ಮರಳು ಕಡಿಮೆ ಬಿದ್ದ ಕಡೆ ಮಣ್ಣನ್ನು ಜರಡಿ ಹಿಡಿದು ಹಾಕಿದೆವು. ಜಂಬಿಟ್ಟಿಗೆಯ ಚೂಪು ಚೂರು ಕೇಬಲ್ಲಿಗೆ ತಾಗಬಾರದು, ಅದಕ್ಕೇ ಇಷ್ಟು ಉಪಚಾರ. ಮರಳಿನ ಮೇಲೆ ಇಟ್ಟಿಗೆ ಅಡ್ಡ ಜೋಡಿಸುವುದು ರೂಢಿ. ನಾನು ಜೋಡಿಸಿದ್ದು ಕೊಟ್ಟಿಗೆಯ ಮಾಡಿನಿಂದ ಇಳಿಸಿದ್ದ ಹಳೆಯ ಮಂಗಳೂರು ಹೆಂಚು. ಇನ್ನೂರು ಹೆಂಚು ಮೂಲೆಯಲ್ಲಿ ಪಾಚಿ ಹಿಡಿದು ಬಿದ್ದಿದ್ದವು. ಮುಂದೆ ಯಾರದ್ದಾದರೂ ಹಾರೆ ಕೆಳಗಿಳಿದರೆ ಮೊದಲು ಹೆಂಚು ಒಡೆದ ಸದ್ದು ಬರುತ್ತದೆ. ಅದಕ್ಕೂ ಒಂದಡಿ ಮೇಲೆ ಕೆಂಪು ಎಚ್ಚರಿಕೆ ಪಟ್ಟಿ, 400 ರೂಪಾಯಿ.

ಟ್ರೆಂಚ್ ಮುಚ್ಚುವ ಮುಂಚೆ ಕೇಬಲ್ಲಿನ ಪಕ್ಕದಲ್ಲಿ ಒಂದು ಖಾಲಿ ಎಚ್‌ಡಿಪಿಇ ಪೈಪು ಮಲಗಿಸಿ, ಒಳಗೆ ನೈಲಾನ್ ಹಗ್ಗ ಎಳೆದಿಟ್ಟೆ. ಮೀಟರಿಗೆ 30, ಒಟ್ಟು 1,560. ಇವತ್ತು ಅದರಲ್ಲಿ ಏನೂ ಇಲ್ಲ. ಇಂಟರ್‌ನೆಟ್ಟೋ ಸೋಲಾರಿನ ವೈರೋ ಬೇಕು ಅನ್ನಿಸಿದ ದಿನ ಹಗ್ಗಕ್ಕೆ ಕಟ್ಟಿ ಎಳೆದರೆ ಮುಗಿಯಿತು.

ಕೇಬಲ್ಲಿನ ತುದಿ ಕೆಲಸವನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಎಲೆಕ್ಟ್ರಿಷಿಯನ್ ಮೇಲಿನ ಕಪ್ಪು ಪಿವಿಸಿ ಸೀಳಿ ತೆಗೆದ. ಒಳಗೆ ಬೆಳ್ಳಗೆ ಹೊಳೆಯುವ ಕಬ್ಬಿಣದ ಪಟ್ಟಿಗಳು ಹಗ್ಗದ ಹಾಗೆ ಸುತ್ತಿಕೊಂಡಿದ್ದವು. ಅವನ್ನು ಒಂದೊಂದಾಗಿ ಹಿಂದಕ್ಕೆ ಬಗ್ಗಿಸಿ, ಕೇಬಲ್ಲಿನ ತುದಿ ಹಿಡಿದಿಡುವ ಗ್ಲ್ಯಾಂಡಿನೊಳಗೆ ಕಚ್ಚಿಸಿ ಬಿಗಿ ಮಾಡಿದ. ಅಲ್ಯುಮಿನಿಯಂ ಕೋರನ್ನು ಕೆರೆದು, ಕೂಡಲೇ ಬೂದು ಬಣ್ಣದ ಪೇಸ್ಟ್ ಹಚ್ಚಿ, ಒಂದು ಕಡೆ ಅಲ್ಯುಮಿನಿಯಂ ಇನ್ನೊಂದು ಕಡೆ ತಾಮ್ರ ಇರುವ ಬೈಮೆಟಾಲಿಕ್ ಲಗ್ ತೊಡಿಸಿ ಒತ್ತಿದ. ಗಾಳಿ ತಾಗಿದ ಕ್ಷಣವೇ ಅಲ್ಯುಮಿನಿಯಂ ಮೇಲೆ ಪೊರೆ ಕಟ್ಟಿಕೊಳ್ಳುತ್ತದೆ, ಆ ಪೊರೆಯಲ್ಲಿ ಕರೆಂಟು ಸರಾಗವಾಗಿ ಹರಿಯುವುದಿಲ್ಲ. ಲಗ್ ಇಲ್ಲದೆ ನೇರ ಸ್ಕ್ರೂ ಕೆಳಗೆ ಸಿಕ್ಕಿಸಿದರೆ ದಿನ ಕಳೆದಂತೆ ಸಡಿಲವಾಗಿ, ಬಿಸಿಯಾಗಿ, ಬೋರ್ಡೇ ಸುಡುತ್ತದೆ. ಅಲ್ಯುಮಿನಿಯಮ್ಮಿಗೆ ಬಂದ ಕೆಟ್ಟ ಹೆಸರೆಲ್ಲ ಈ ತುದಿ ಕೆಲಸದ್ದು. ಗ್ಲ್ಯಾಂಡು, ಲಗ್ ಎಲ್ಲ ಸೇರಿ 1,150.

ಅರ್ತಿಂಗ್

ನನಗೆ ಅತಿ ಹೆಚ್ಚು ತಲೆಬಿಸಿ ಕೊಟ್ಟದ್ದು ಇದು. ಕೊಟ್ಟಿಗೆಯ ಹಿಂದೆ ಮಾಡಿನ ನೀರು ಬೀಳುವ ಜಾಗದಲ್ಲಿ ಗುಂಡಿ ತೆಗೆಸಿ, ಎರಡೂವರೆ ಮೀಟರ್ ಉದ್ದದ ಜಿಐ ಪೈಪು ನಿಲ್ಲಿಸಿ, ಸುತ್ತಲೂ ಇದ್ದಿಲು, ಕಲ್ಲುಪ್ಪು ಪದರ ಪದರವಾಗಿ ತುಂಬಿಸಿದೆವು. ಪೈಪು 1,950, ಇದ್ದಿಲು ಉಪ್ಪು 900, ಜಿಐ ಪಟ್ಟಿ 700, ಮೇಲಿನ ಚೇಂಬರ್ 450, ಅಗೆದ ಕೂಲಿ 1,800. ಒಟ್ಟು 5,800.

ಇಷ್ಟು ಮಾಡಿ ನಮ್ಮ ಕಡೆ ಎಲ್ಲರೂ ಮಾಡುವ ಪರೀಕ್ಷೆ ಒಂದಿದೆ. ಫೇಸಿಗೂ ಅರ್ತಿಗೂ ನಡುವೆ 100 ವ್ಯಾಟ್ ಬಲ್ಬ್ ಹಿಡಿಯುವುದು. ಪಳಪಳ ಉರಿದರೆ ಅರ್ತ್ ಚೆನ್ನಾಗಿದೆ ಅಂತ. ಬಲ್ಬ್ ಉರಿಯಿತು. ನನಗೆ ಸಮಾಧಾನವಾಗಲಿಲ್ಲ. ಯಾಕೆಂದರೆ 100 ವ್ಯಾಟ್ ಬಲ್ಬ್ ಎಳೆಯುವುದು ಅರ್ಧ ಆಂಪಿಯರ್ ಕೂಡ ಅಲ್ಲ. ಉರಿಯುವ ಬಲ್ಬಿನ ರೆಸಿಸ್ಟೆನ್ಸೇ 500 ಓಂ ಮೇಲಿದೆ. ಅರ್ತ್ 50 ಓಂ ಇದ್ದರೂ ಬಲ್ಬ್ ಹೆಚ್ಚುಕಡಿಮೆ ಹಾಗೇ ಉರಿಯುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಗುತ್ತಿಗೆದಾರರ ಹತ್ತಿರ ಅರ್ತ್ ಟೆಸ್ಟರ್ ಇತ್ತು. ದೂರ ದೂರಕ್ಕೆ ಎರಡು ಗೂಟ ಹೊಡೆದು ಅಳೆದರು. ಇದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. 14 ಓಂ. ಫೆಬ್ರವರಿಯ ಒಣಗಿದ ಜಂಬಿಟ್ಟಿಗೆ ನೆಲ, ಇನ್ನೇನು ಬರುತ್ತದೆ? ವಾರವಿಡೀ ದಿನಕ್ಕೆರಡು ಕೊಡ ನೀರು ಹಾಕಿದ ಮೇಲೆ 9ಕ್ಕೆ ಇಳಿಯಿತು.

14 ಓಂ ಅಂದರೆ ಏನು ಅಂತ ಲೆಕ್ಕ ಮಾಡಿ ನೋಡಿ. ಮಷಿನ್ನಿನ ಕಬ್ಬಿಣದ ಮೈಗೆ ಫೇಸ್ ತಾಗಿತು ಅಂದುಕೊಳ್ಳಿ. ಈ ಗುಂಡಿಯೊಂದನ್ನೇ ನಂಬಿದರೆ 230 ವೋಲ್ಟಿಗೆ 14 ಓಂ, ಹರಿಯುವುದು 16 ಆಂಪಿಯರ್. 20 ಆಂಪಿಯರಿನ ಎಂಸಿಬಿ ಅದನ್ನು ಮಾಮೂಲಿ ಬಳಕೆ ಅಂತಲೇ ತಿಳಿಯುತ್ತದೆ, ಬೀಳುವುದೇ ಇಲ್ಲ. ಮಷಿನ್ನಿನ ಮೈ ತುಂಬ ಕರೆಂಟು ಹಾಗೇ ಕಾದು ಕೂತಿರುತ್ತದೆ. "ಎಂಸಿಬಿ ಹಾಕಿಸಿದ್ದೇವಲ್ಲ, ಇನ್ನೇನು ಭಯ" ಅನ್ನುವವರು ಇದನ್ನೊಂದು ಸಲ ಕೂತು ಯೋಚಿಸಬೇಕು. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ ಮಾಡುತ್ತದೆ. ಅಷ್ಟು ಸಣ್ಣ ಸೋರಿಕೆಗೆ 14 ಓಂ ಅರ್ತ್ ಧಾರಾಳವಾಯಿತು. 2,150 ರೂಪಾಯಿ ಕೊಟ್ಟು 40 ಆಂಪಿಯರಿನ ಎರಡು ಪೋಲಿನದು ಹಾಕಿಸಿದೆ. ಇದೊಂದರಲ್ಲಿ ಚೌಕಾಸಿ ಮಾಡಲಿಲ್ಲ. ಕೇಬಲ್ಲಿನ ಮೂರನೇ ಕೋರಿನಿಂದ ಮನೆಯ ಅರ್ತನ್ನೂ ಇದಕ್ಕೆ ಜೋಡಿಸಿದೆವು. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತುತ್ತೇನೆ.

ಒಳಗಿನ ಕೆಲಸ

ಒಳಗಿನದು ಎಲ್ಲ ಮನೆಯಲ್ಲೂ ಆಗುವ ಹಾಗೇ ಆಯಿತು. ಪೈಪು ಕೂರಿಸುವ ಕೆಲಸ ನಾನೇ ಮಾಡಿದೆ, ವೈರು ಎಳೆದು ಜೋಡಿಸಿದ್ದು ಎಲೆಕ್ಟ್ರಿಷಿಯನ್. ಟೇಬಲ್ ಸಾಗೆ 4 ಸ್ಕ್ವೇರ್ ವೈರು ಅದರದೇ ಬೇರೆ ದಾರಿಯಲ್ಲಿ, ಸಾಕೆಟ್ಟುಗಳಿಗೆ 2.5, ಲೈಟಿಗೆ 1.5. ವೈರಿಗೆ 7,900, ಪೈಪು, ಬಾಕ್ಸು, ಸಾಕೆಟ್ಟುಗಳಿಗೆ 4,350, ಎಲ್‌ಇಡಿ ಪಟ್ಟಿಗಳಿಗೆ 1,400. ಸಾಕೆಟ್ಟುಗಳನ್ನು ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ ಇಡಿಸಿದೆ. ಹಲಗೆ ಗೋಡೆಗೆ ಒರಗಿಸಿದರೂ ಮುಚ್ಚಿಹೋಗುವುದಿಲ್ಲ.

ಟೇಬಲ್ ಸಾಗೆ ಡಿ ಕರ್ವ್ ಎಂಸಿಬಿ, ಅಂದರೆ ಮೋಟಾರು ಏಳುವಾಗಿನ ಜಾಸ್ತಿ ಕರೆಂಟಿಗೆ ಬೀಳದಂಥದ್ದು, ಬೇಕು ಅಂತ ಅಂಗಡಿಯಲ್ಲಿ ಹೇಳಿದರು. ಬೇಕಾಗಲಿಲ್ಲ. ಸಿ ಕರ್ವ್ ಸಾಕಾಯಿತು, ಅದು ತಕ್ಷಣ ಬೀಳುವುದು ಐದರಿಂದ ಹತ್ತು ಪಟ್ಟಿಗೆ. 20 ಆಂಪಿಯರಿನದಾದರೆ 100 ಆಂಪಿಯರ್ ದಾಟಬೇಕು. ನನ್ನ ಮೋಟಾರು ಏಳುವಾಗ ಕೇಳುವುದು ಹೆಚ್ಚೆಂದರೆ 55. ಆರು ಎಂಸಿಬಿಗೆ 1,140, ಅವನ್ನು ಕೂರಿಸುವ ಡಿಬಿ ಬಾಕ್ಸಿಗೆ 1,400, ಮನೆಯ ಕಡೆ ಕೇಬಲ್ ಹೊರಡುವಲ್ಲಿ 32 ಆಂಪಿಯರಿನ ಡಬಲ್ ಪೋಲ್ ಎಂಸಿಬಿ ಡಬ್ಬಿ ಸಮೇತ 950. ಒಳಗೆ ಎಷ್ಟು ಯೂನಿಟ್ ಓಡುತ್ತದೆ ಅಂತ ನೋಡಲು ಒಂದು ಸಣ್ಣ ಮೀಟರ್, 870.

ಸಿಡಿಲಿನಿಂದ ಲೈನಿನಲ್ಲಿ ನುಗ್ಗುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರಿಗೆ 3,300 ಕೊಟ್ಟೆ. ಮಲೆನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಸಿಡಿಲು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಎರಡು ವರ್ಷದ ಹಿಂದೆ ಒಂದೇ ಹೊಡೆತಕ್ಕೆ ನಮ್ಮ ಟಿವಿ, ರೂಟರ್ ಎರಡೂ ಹೋಗಿದ್ದವು. ಅದಿದ್ದರೂ ಮೋಡ ಕಟ್ಟಿದ ಕೂಡಲೇ ಮನೆಯ ಕಡೆಯಿಂದಲೇ ಕೊಟ್ಟಿಗೆಯ ಲೈನ್ ಆಫ್ ಮಾಡುತ್ತೇವೆ.

ಇನ್ನು 1,650 ರೂಪಾಯಿಯ ಒಂದು ಸಾಮಾನಿನ ಬಗ್ಗೆ ಹೇಳಲೇಬೇಕು. ಹಳೆಯ ಎಳೆದ ವೈರಿನಲ್ಲಿ ಸಣ್ಣ ಬ್ಲೇಡು ಹಾಕಿ, ಬೆಲ್ಟ್ ಸಡಿಲ ಮಾಡಿ ಹೇಗೋ ಒಂದೆರಡು ಹಲಗೆ ಕೊಯ್ದಿದ್ದೆ. ಆಗ ನಡುವೆ ಕರೆಂಟು ಹೋಯಿತು. ಬ್ಲೇಡು ನಿಂತಿತು. ಹಲಗೆ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಬಿಡಿಸೋಣ ಅಂತ ಎಡಗೈಯಲ್ಲಿ ಹಲಗೆಯ ಅಂಚು ಹಿಡಿದು ಅಲ್ಲಾಡಿಸುತ್ತಿದ್ದೆ. ಸ್ವಿಚ್ ಆನ್ ಆಗಿಯೇ ಇದೆ ಅನ್ನುವುದು ತಲೆಯಲ್ಲೇ ಇರಲಿಲ್ಲ. ಒಳಗಿಂದ ಮಗಳು "ಅಪ್ಪಾ, ಕಾಫಿ" ಅಂತ ಕೂಗಿದಳು. ಕೈ ತೆಗೆದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದೆ, ಕರೆಂಟು ಬಂತು. ಬ್ಲೇಡು ಎದ್ದು ಹಲಗೆಯನ್ನು ಗೋಡೆಗೆ ಎಸೆಯಿತು. ಗೋಡೆಯ ಗಾರೆಯಲ್ಲಿ ಇವತ್ತಿಗೂ ಆ ಗುರುತಿದೆ.

ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವ ಊರು ನಮ್ಮದು. ಇಂಥ ಕಡೆ ತಿರುಗುವ ಬ್ಲೇಡಿಗೆ ಮಾಮೂಲಿ ಸ್ವಿಚ್ ಸಲ್ಲದು. ಪಂಪ್‌ಸೆಟ್ಟಿಗೆ ಹಾಕುವಂಥ ಹಸಿರು, ಕೆಂಪು ಗುಂಡಿಯ ಸ್ಟಾರ್ಟರ್ ಹಾಕಿಸಿದೆ. ಕರೆಂಟು ಹೋದರೆ ಅದರೊಳಗಿನ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ತಾನೇ ಬಿಟ್ಟುಕೊಳ್ಳುತ್ತದೆ, ವಾಪಸ್ ಬಂದರೂ ನಾನು ಹಸಿರು ಗುಂಡಿ ಒತ್ತದೆ ಬ್ಲೇಡು ಏಳುವುದಿಲ್ಲ. ಜೊತೆಗೆ ಓವರ್‌ಲೋಡ್ ರಿಲೇ ಇದೆ. ಮೋಟಾರು ಏಳದೆ ಗುನುಗುತ್ತಾ ನಿಂತರೆ ಅದು ಬಿಡಿಸುತ್ತದೆ. ಇದು ಮೊದಲೇ ಇದ್ದಿದ್ದರೆ ಆ ಕೆಪಾಸಿಟರೂ ಬಹುಶಃ ಉಳಿಯುತ್ತಿತ್ತು.

ಲೆಕ್ಕ

ಎಲೆಕ್ಟ್ರಿಷಿಯನ್ ಕೂಲಿ ಒಟ್ಟು ಗುತ್ತಿಗೆ 7,500. ಇದಕ್ಕೆ ಮೇಲೆ ಬರೆದದ್ದೆಲ್ಲ ಸೇರಿಸಿ, ಮೊದಲ ತಪ್ಪಿಗೆ ಹೋದ 2,100ನ್ನೂ ಕೂಡಿಸಿದರೆ 68,500. ಇದರಲ್ಲಿ ನೆಲದೊಳಗೆ ಹೋದದ್ದು, ಅಂದರೆ ಕೇಬಲ್, ಪೈಪು, ಅಗೆತ, ಮರಳು, ಪಟ್ಟಿ, ಅರ್ತಿಂಗ್, ಒಡೆದ ನೀರಿನ ಪೈಪು ಸೇರಿ 26,860. ನನ್ನ ಮೊದಲಿನ 25,000ದ ಅಂದಾಜು ಪೂರ್ತಿ ಮಣ್ಣಿನ ಕೆಳಗೇ ಮುಗಿದಿತ್ತು. ಕೊಟ್ಟಿಗೆ ಮನೆಗೆ ತಾಗಿಕೊಂಡೇ ಇದ್ದಿದ್ದರೆ ಇದರಲ್ಲಿ ಇಪ್ಪತ್ತು ಸಾವಿರ ಉಳಿಯುತ್ತಿತ್ತು. ಹೊಸದಾಗಿ ಶೆಡ್ ಕಟ್ಟುವವರು ಜಾಗ ಗುರುತು ಮಾಡುವಾಗಲೇ ಮೀಟರ್ ಬೋರ್ಡಿನಿಂದ ಎಷ್ಟು ದೂರ ಅಂತ ಟೇಪು ಹಿಡಿದು ನೋಡುವುದು ಒಳ್ಳೆಯದು.

ಕೆಲಸ ಮುಗಿದ ಸಂಜೆ ಮತ್ತೆ ಅದೇ ಪರೀಕ್ಷೆ. ಈಗ ಮೋಟಾರು ಒಂದೇ ಸೆಕೆಂಡಿಗೆ ಏಳುವುದರಿಂದ ಕಣ್ಣಲ್ಲಿ ಓದಲು ಆಗುವುದಿಲ್ಲ. ಎರಡೂ ಕಡೆಯ ಮೀಟರುಗಳನ್ನು ಅತಿ ಕಡಿಮೆ ಅಂಕಿ ಹಿಡಿದಿಡುವ ಕಡೆಗೆ ಇಟ್ಟೆವು. ಮನೆಯಲ್ಲಿ 214 ಇದ್ದದ್ದು 196ಕ್ಕೆ ಇಳಿದಿತ್ತು. ಕೊಟ್ಟಿಗೆಯಲ್ಲಿ 189. ಮನೆಯಿಂದ ಇಲ್ಲಿಗೆ ಕಳೆದದ್ದು 7 ವೋಲ್ಟ್. ಕಂಬದಿಂದ ಮನೆಗೆ ಬರುವಾಗ ಹೋಗುವ 18 ನನ್ನ ಕೈಯಲ್ಲಿಲ್ಲ. ಬ್ಲೇಡು ಓಡತೊಡಗಿದ ಮೇಲೆ ಮನೆಗೂ ಕೊಟ್ಟಿಗೆಗೂ ವ್ಯತ್ಯಾಸ ಎರಡು ವೋಲ್ಟ್ ಕೂಡ ಇಲ್ಲ.

ಬಳಸುವ ಕರೆಂಟಿನ ಖರ್ಚು ಮಾತ್ರ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಮಾರ್ಚಿನಲ್ಲಿ ನಾಲ್ಕು ಭಾನುವಾರ ಕೆಲಸ ಮಾಡಿ ಸಣ್ಣ ಮೀಟರಿನಲ್ಲಿ ಓಡಿದ್ದು 19 ಯೂನಿಟ್. ಗೃಹಜ್ಯೋತಿಯಲ್ಲಿ ನಮಗೆ ಉಚಿತ ಇರುವುದು 89, ಯಾಕೆಂದರೆ 2022-23ರ ನಮ್ಮ ತಿಂಗಳ ಸರಾಸರಿ 81, ಅದರ ಮೇಲೆ ಹತ್ತು ಪರ್ಸೆಂಟ್. ಆ ತಿಂಗಳು ಒಟ್ಟು 96 ಆಯಿತು. ಹೆಚ್ಚಿನ 7 ಯೂನಿಟ್ಟಿಗೆ ಬಿಲ್ ಬಂತು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಆದರೆ ಭಾನುವಾರದ ಕೆಲಸದಲ್ಲಿ ಅಲ್ಲಿಗೆ ಮುಟ್ಟುವುದಿಲ್ಲ.

ಟ್ರೆಂಚ್ ಮುಚ್ಚುವ ಮುಂಚೆ ಪ್ರತಿ ತಿರುವಿನಲ್ಲೂ ಟೇಪು ಹಿಡಿದು ಫೋಟೊ ತೆಗೆದಿದ್ದೆ. ಫೋನು ಬದಲಾಗುತ್ತದೆ, ಫೋಟೊ ಕಳೆದುಹೋಗುತ್ತದೆ. ಹಾಗಾಗಿ ಕೊಟ್ಟಿಗೆಯ ಬಾಗಿಲಿನ ಒಳಬದಿಗೆ ಬಿಳಿ ಬಣ್ಣ ಬಳಿದು, ಕಪ್ಪು ಬಣ್ಣದಲ್ಲಿ ದಾರಿಯ ನಕ್ಷೆ ಬರೆದಿದ್ದೇನೆ. ಬಾವಿಕಟ್ಟೆಯ ಮೂಲೆಯಿಂದ 6 ಅಡಿ, ಹಲಸಿನ ಮರದಿಂದ 11 ಅಡಿ, ಆಳ ಎರಡೂವರೆ ಅಡಿ, ಮೇಲೆ ಹೆಂಚು ಇದೆ. ಅಪ್ಪಯ್ಯ ಬಂದು ಓದಿ ನೋಡಿದರು. ಬಣ್ಣದ ಡಬ್ಬಿ ಇಸಿದುಕೊಂಡು, ಬಾವಿಯಿಂದ ಮನೆಗೆ ಹೋಗುವ ನೀರಿನ ಪೈಪಿನ ದಾರಿಯನ್ನೂ ಅದರಲ್ಲೇ ಗೆರೆ ಎಳೆದು ತೋರಿಸಿದರು.